ಹೆದರಿಸಿದವನೇ ಗೆಳೆಯನಾದ

ಮಕ್ಕಳೇ, ಈ ವಾರ ನನ್ನ ಒಬ್ಬ ಹಳೆಯ ಗೆಳೆಯನನ್ನು ನಿಮಗೆ ಪರಿಚಯ ಮಾಡಿಕೊಡುತ್ತೇನೆ. ಎತ್ತರ 50 ಮೀಟರ್, ಅಂದರೆ ಹದಿನೈದು ಹದಿನಾರು ಅಂತಸ್ತಿನ ಕಟ್ಟಡದಷ್ಟು. ಮೈಯೆಲ್ಲ ಸುಟ್ಟ ಮರದ ತೊಗಟೆಯಂತೆ ಒರಟು. ಬೆನ್ನ ಮೇಲೆ ಕತ್ತಿನಿಂದ ಬಾಲದವರೆಗೆ ಚೂಪು ಚೂಪಾದ ಫಲಕಗಳ ಸಾಲು. ಬಾಯಿ ತೆರೆದರೆ ಎದುರಿಗಿದ್ದದ್ದು ಕರಗಿಹೋಗಬೇಕು, ಅಂಥ ಉಸಿರು. ಹುಟ್ಟಿದ್ದು ಜಪಾನಿನಲ್ಲಿ, 1954ರ ನವೆಂಬರ್ 3ರಂದು, ಸಿನಿಮಾ ಪರದೆಯ ಮೇಲೆ. ಅಲ್ಲಿಯವರು ಅವನನ್ನು ‘ಗೊಜಿರಾ’ ಎನ್ನುತ್ತಾರೆ. ಜಪಾನಿ ಭಾಷೆಯಲ್ಲಿ ‘ಗೊರಿರಾ’ ಎಂದರೆ ಗೊರಿಲ್ಲಾ, ‘ಕುಜಿರಾ’ ಎಂದರೆ ತಿಮಿಂಗಿಲ. ಎರಡನ್ನೂ ಕೂಡಿಸಿ ಕಟ್ಟಿದ ಹೆಸರು ಅದು. ಉಳಿದ ಜಗತ್ತಿಗೆಲ್ಲ ಅವನು ಗಾಡ್ಜಿಲ್ಲಾ.

ಅಜ್ಜ ಅಜ್ಜಿಯರೇ, ‘ಇದು ಹುಡುಗರ ವಿಷಯ’ ಎಂದು ಪುಟ ತಿರುವಬೇಡಿ. ಇವನು ನಿಮ್ಮ ಓರಗೆಯವನು. ಎಪ್ಪತ್ತು ದಾಟಿದ್ದಾನೆ. ಅವನ ಮೇಲೆ ಬಂದ ಸಿನಿಮಾಗಳು ಮೂವತ್ತಕ್ಕೂ ಹೆಚ್ಚು. ಇಷ್ಟು ದೀರ್ಘ ಕಾಲ ಬರುತ್ತಲೇ ಇರುವ ಸಿನಿಮಾ ಸರಣಿ ಜಗತ್ತಿನಲ್ಲಿ ಬೇರೊಂದಿಲ್ಲವೆಂದು ಗಿನ್ನೆಸ್ ಪುಸ್ತಕವೇ ದಾಖಲಿಸಿದೆ.

ಇವನ ಮಾತು ಈಗ ಎತ್ತಲು ಒಂದು ಕಾರಣವಿದೆ. ಹೋದ ತಿಂಗಳು ಓದುಗರಾದ ಅಜ್ಜಿಯೊಬ್ಬರು ಪತ್ರ ಬರೆದಿದ್ದರು. ಮೂರನೇ ತರಗತಿಯ ಮೊಮ್ಮಗನಿಗೆ ಗಾಡ್ಜಿಲ್ಲಾ ಹುಚ್ಚು ಹಿಡಿದಿದೆಯಂತೆ. ನೋಟ್ ಪುಸ್ತಕದ ತುಂಬ ಅವನದೇ ಚಿತ್ರ. ಊಟಕ್ಕೆ ಕರೆದರೆ ‘ಗ್ರಾ’ ಎಂದು ಕೂಗುತ್ತಾ ಬರುತ್ತಾನಂತೆ. “ಊರನ್ನೇ ತುಳಿದು ಹಾಳುಮಾಡುವ ರಾಕ್ಷಸನನ್ನು ಇಷ್ಟು ಪ್ರೀತಿಸುವ ಮಗು ನಾಳೆ ಏನಾದೀತು? ಬಿಡಿಸಬೇಕೋ, ಬಿಟ್ಟುಬಿಡಬೇಕೋ ತಿಳಿಯದು” ಎಂದು ಕೇಳಿದ್ದರು. ಅಜ್ಜಿಯ ಆತಂಕ ಸಣ್ಣದಲ್ಲ. ಎರಡು ಸಾಲಿನಲ್ಲಿ ಉತ್ತರ ಬರೆದು ಮುಗಿಸುವ ಬದಲು ಇಡೀ ಅಂಕಣವನ್ನೇ ಇದಕ್ಕೆ ಕೊಡುತ್ತಿದ್ದೇನೆ.

ಮೊದಲು ಅವನು ಹುಟ್ಟಿದ ಕಥೆ.

1954ರ ಮಾರ್ಚ್ 1. ಶಾಂತ ಸಾಗರದ ಬಿಕಿನಿ ಎಂಬ ಹವಳದ ದ್ವೀಪದಲ್ಲಿ ಅಮೆರಿಕವು ಒಂದು ಹೈಡ್ರೋಜನ್ ಬಾಂಬನ್ನು ಸಿಡಿಸಿ ಪರೀಕ್ಷೆ ಮಾಡಿತು. ಅಲ್ಲಿಂದ ಬಹು ದೂರದಲ್ಲಿ ಜಪಾನಿನ ಒಂದು ದೋಣಿ ಟ್ಯೂನಾ ಮೀನು ಹಿಡಿಯುತ್ತಿತ್ತು. ಅದರ ಹೆಸರಿನ ಅರ್ಥ ‘ಅದೃಷ್ಟದ ಡ್ರ್ಯಾಗನ್ ನಂಬರ್ 5’. ಅದರಲ್ಲಿದ್ದವರು 23 ಮಂದಿ. ಬೆಳಗಾಗುವ ಮೊದಲೇ ಆಕಾಶ ಬೆಳಗಿತು. ಕೆಲವು ಗಂಟೆಗಳಲ್ಲಿ ದೋಣಿಯ ಮೇಲೆ ಬಿಳಿ ಬೂದಿ ಉದುರತೊಡಗಿತು. ಸುಟ್ಟ ಹವಳದ ಆ ಬೂದಿಯಲ್ಲಿ ವಿಕಿರಣದ ವಿಷವಿತ್ತು. ಬೆಸ್ತರಿಗೆ ಅದು ಗೊತ್ತಿರಲಿಲ್ಲ. ಬಲೆ ಎಳೆದುಕೊಂಡು, ಮೈ ಮೇಲಿನ ಬೂದಿ ಕೊಡವಿಕೊಂಡು ಊರಿಗೆ ಮರಳಿದರು. ಎಲ್ಲರೂ ಕಾಯಿಲೆ ಬಿದ್ದರು. ದೋಣಿಯ ರೇಡಿಯೊ ನೋಡಿಕೊಳ್ಳುತ್ತಿದ್ದ ಐಕಿಚಿ ಕುಬೊಯಾಮಾ ಸೆಪ್ಟೆಂಬರ್ 23ರಂದು ತೀರಿಕೊಂಡರು. ಜಪಾನಿನ ಜನ ತಟ್ಟೆಯಲ್ಲಿದ್ದ ಮೀನನ್ನೇ ಅನುಮಾನದಿಂದ ನೋಡುವಂತಾಯಿತು. ಹಿರೋಶಿಮಾ, ನಾಗಸಾಕಿಗಳ ಮೇಲೆ ಅಣುಬಾಂಬ್ ಬಿದ್ದು ಆಗ ಇನ್ನೂ ಒಂಬತ್ತೇ ವರ್ಷ.

ಅದೇ ವರ್ಷ ತೊಹೊ ಎಂಬ ಸಿನಿಮಾ ಸಂಸ್ಥೆಯ ನಿರ್ಮಾಪಕ ತೊಮೊಯುಕಿ ತನಾಕಾ ಇಂಡೊನೇಷ್ಯಾದಲ್ಲಿ ಒಂದು ಚಿತ್ರ ತೆಗೆಯಲು ಹೊರಟಿದ್ದರು. ಆ ಕೆಲಸ ಮುರಿದುಬಿತ್ತು. ಬರಿಗೈಯಲ್ಲಿ ವಿಮಾನದಲ್ಲಿ ಮರಳುವಾಗ ಕಿಟಕಿಯಿಂದ ಕೆಳಗಿನ ಕಡಲನ್ನು ನೋಡುತ್ತಾ, ‘ಈ ಬಾಂಬ್ ಪರೀಕ್ಷೆಗೆ ಕಡಲಿನ ತಳದಲ್ಲಿ ಮಲಗಿರುವ ಯಾವುದೋ ಪ್ರಾಣಿ ಎಚ್ಚರಗೊಂಡರೆ?’ ಎಂದು ಯೋಚಿಸಿದರಂತೆ. ನಿರ್ದೇಶನ ಇಶಿರೊ ಹೊಂಡಾ ಅವರದು. ಅವರು ಯುದ್ಧದಲ್ಲಿ ಸೈನಿಕರಾಗಿದ್ದವರು. ಯುದ್ಧ ಮುಗಿದು ಊರಿಗೆ ಮರಳುವಾಗ ಹಾಳುಬಿದ್ದ ಹಿರೋಶಿಮಾವನ್ನು ಕಣ್ಣಾರೆ ಕಂಡಿದ್ದರು.

ಆ ಚಿತ್ರ ಶುರುವಾಗುವುದೇ ಕಡಲಿನಲ್ಲಿ ಕಣ್ಣು ಕೋರೈಸುವ ಬೆಳಕಿಗೆ ಒಂದು ಹಡಗು ಸಿಕ್ಕಿ ಮುಳುಗುವುದರಿಂದ. ಕುಬೊಯಾಮಾ ಸತ್ತು ಒಂದೂವರೆ ತಿಂಗಳೂ ಆಗಿರಲಿಲ್ಲ. ಥಿಯೇಟರಿನಲ್ಲಿ ಕುಳಿತ ಜಪಾನಿಯರಿಗೆ ಆ ಬೆಳಕು ಏನೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಇನ್ನು ಮಕ್ಕಳಿಗೆ ಇಷ್ಟವಾಗುವ ಸಂಗತಿ: ಅವನನ್ನು ಮಾಡಿದ್ದು ಹೇಗೆ?

ಆಗ ಕಂಪ್ಯೂಟರ್ ಗ್ರಾಫಿಕ್ಸ್ ಇರಲಿಲ್ಲ. ಚಮತ್ಕಾರದ ದೃಶ್ಯಗಳ ಹೊಣೆ ಹೊತ್ತಿದ್ದವರು ಎಯ್ಜಿ ಸುಬುರಾಯಾ. 1933ರ ಅಮೆರಿಕದ ‘ಕಿಂಗ್ ಕಾಂಗ್’ ಚಿತ್ರ ನೋಡಿ ಮರುಳಾದವರು. ಅದರಲ್ಲಿದ್ದಂತೆ ಸಣ್ಣ ಗೊಂಬೆಯನ್ನು ಕೂದಲೆಳೆಯಷ್ಟು ಸರಿಸಿ, ಒಂದು ಚಿತ್ರ ತೆಗೆದು, ಮತ್ತೆ ಸರಿಸಿ, ಮತ್ತೊಂದು ತೆಗೆದು ಸಿನಿಮಾ ಮಾಡಲು ಅವರಿಗೆ ಆಸೆ. ಹಾಗೆ ಮಾಡಿದರೆ ವರ್ಷಗಟ್ಟಲೆ ಬೇಕು. ಕೈಯಲ್ಲಿದ್ದದ್ದು ಕೆಲವೇ ತಿಂಗಳು. ಆದ್ದರಿಂದ ರಬ್ಬರಿನ ವೇಷ ಹೊಲಿಸಿ ಅದರೊಳಗೆ ಮನುಷ್ಯನನ್ನೇ ಇಳಿಸಿದರು. ಟೋಕಿಯೊ ನಗರವನ್ನು 25ರಲ್ಲಿ ಒಂದು ಪಾಲು ಅಳತೆಯಲ್ಲಿ ಕಟ್ಟಿದರು. ಲೆಕ್ಕ ಮಾಡಿ ನೋಡಿ: 50 ಮೀಟರನ್ನು 25ರಿಂದ ಭಾಗಿಸಿದರೆ ಎಷ್ಟು? 2 ಮೀಟರ್. ವೇಷ ತೊಟ್ಟ ಮನುಷ್ಯನಿಗೆ ಸರಿಹೋಗುವ ಅಳತೆ!

ವೇಷದೊಳಗಿದ್ದವರು ಹರುವೊ ನಕಾಜಿಮಾ. ಮೊದಲ ವೇಷದ ತೂಕ ಸುಮಾರು 100 ಕಿಲೊ. ಒಂದು ಚೀಲ ಅಕ್ಕಿ ಹೊತ್ತು ನಡೆಯುವುದೇ ಕಷ್ಟ, ಇವರು ನಾಲ್ಕು ಚೀಲ ಹೊತ್ತಂತೆ ನಡೆಯಬೇಕು, ಅದೂ ಉರಿಯುವ ದೀಪಗಳ ಕೆಳಗೆ. ವೇಷ ಕಳಚಿದಾಗ ಒಳಗಿನಿಂದ ಬೆವರನ್ನು ಸುರಿದು ಚೆಲ್ಲುತ್ತಿದ್ದರಂತೆ. ಭಾರೀ ಪ್ರಾಣಿ ಹೆಜ್ಜೆ ಹೇಗೆ ಇಡುತ್ತದೆ ಎಂದು ಕಲಿಯಲು ಅವರು ಮೃಗಾಲಯಕ್ಕೆ ಹೋಗಿ ಆನೆ ಕರಡಿಗಳನ್ನು ನೋಡುತ್ತಾ ನಿಲ್ಲುತ್ತಿದ್ದರು. 1954ರಿಂದ 1972ರವರೆಗೆ 12 ಚಿತ್ರಗಳಲ್ಲಿ ಗಾಡ್ಜಿಲ್ಲಾ ಅವರೇ. ಆದರೆ ಪರದೆಯ ಮೇಲೆ ಅವರ ಮುಖ ಯಾರಿಗೂ ಕಾಣುತ್ತಿರಲಿಲ್ಲ. ಮುಖ ತಿಳಿಯದಿದ್ದರೂ ಅಭಿಮಾನಿಗಳು ಅವರನ್ನು ಹುಡುಕಿಕೊಂಡು ಬಂದರು. ಮುಪ್ಪಿನಲ್ಲಿ ಅವರು ಅಮೆರಿಕದ ಅಭಿಮಾನಿ ಕೂಟಗಳಿಗೆ ಹೋದಾಗ ಜನ ಸಾಲುಗಟ್ಟಿ ನಿಂತು ಹಸ್ತಾಕ್ಷರ ಪಡೆದರು. 2017ರಲ್ಲಿ, 88ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಮತ್ತೆ ಆ ಕೂಗು? ಮೊದಲು ಪ್ರಾಣಿಗಳ ಧ್ವನಿ ಬಳಸಿ ನೋಡಿದರು, ಸರಿಹೋಗಲಿಲ್ಲ. ಕೊನೆಗೆ ಸಂಗೀತಗಾರ ಅಕಿರಾ ಇಫುಕುಬೆ ಡಬಲ್ ಬಾಸ್ ಎಂಬ ದೊಡ್ಡ ತಂತಿವಾದ್ಯ ತರಿಸಿದರು. ಅದರ ತಂತಿಯನ್ನು ಸಡಿಲ ಮಾಡಿ, ಅಂಟು ರಾಳ ಸವರಿದ ಚರ್ಮದ ಕೈಗವಸಿನಿಂದ ಉಜ್ಜಿದರು. ಆ ಸದ್ದನ್ನು ನಿಧಾನಗೊಳಿಸಿದರು. ನಮ್ಮ ಉರುಮೆಯ ಚರ್ಮವನ್ನು ಕೋಲಿನಿಂದ ಉಜ್ಜಿದಾಗ ಹೊಟ್ಟೆಯೊಳಗೆ ಗುಡುಗಿದಂತಾಗುತ್ತದಲ್ಲ, ಅದೇ ಜಾತಿಯ ವಿದ್ಯೆ ಅದು.

ಈಗ ನನ್ನ ಸರದಿ. ಈ ರಾಕ್ಷಸನನ್ನು ನಾನು ಮೊದಲು ನೋಡಿದ್ದು ಹನ್ನೊಂದನೇ ವಯಸ್ಸಿನಲ್ಲಿ, ಬೆಂಗಳೂರಿನ ಒಂದು ಟಾಕೀಸಿನ ಬೆಳಗಿನ ಆಟದಲ್ಲಿ. ಅದು 1956ರಲ್ಲಿ ಅಮೆರಿಕದವರು ಜಪಾನಿ ಚಿತ್ರವನ್ನು ಕತ್ತರಿಸಿ, ನಡುನಡುವೆ ತಮ್ಮ ನಟನೊಬ್ಬನನ್ನು ಪತ್ರಕರ್ತನಾಗಿ ಸೇರಿಸಿ ಮಾಡಿಕೊಂಡಿದ್ದ ಪ್ರತಿ. ಇಂಗ್ಲಿಷ್ ಮಾತು ಒಂದೂ ತಲೆಗೆ ಹೋಗಲಿಲ್ಲ. ಕೂಗು ಮಾತ್ರ ಪೂರ್ತಿ ಅರ್ಥವಾಯಿತು! ಅಂದಿನಿಂದ ಪೇಪರಿನಲ್ಲಿ ಅವನ ಚಿತ್ರ ಬಂದರೆ ಕತ್ತರಿಸಿ ಬಿಸ್ಕತ್ತಿನ ಡಬ್ಬಿಯಲ್ಲಿ ಇಡುವುದು ಅಭ್ಯಾಸವಾಯಿತು. ಮದುವೆಯಾಗಿ ಬಂದ ಮೇಲೆ ನಮ್ಮ ಮನೆಯವರು ಆ ಡಬ್ಬಿ ತೆರೆದು ನೋಡಿ, ಏನೂ ಹೇಳದೆ ಮುಚ್ಚಿಟ್ಟರು. ಡಬ್ಬಿ ಇವತ್ತಿಗೂ ಇದೆ.

ಎರಡನೇ ಸಲ ನೋಡಿದ್ದು ಐವತ್ತರ ಹೊಸ್ತಿಲಲ್ಲಿ. ಆಗ ಜಪಾನಿನ ಮೂಲ ಚಿತ್ರವೇ ಡಿವಿಡಿಯಲ್ಲಿ ಸಿಕ್ಕಿತು. ಆ ಸಲ ನನ್ನ ಕಣ್ಣು ರಾಕ್ಷಸನ ಮೇಲೆ ನಿಲ್ಲಲಿಲ್ಲ. ಉರಿಯುವ ಬೀದಿಯಲ್ಲಿ ಒಬ್ಬ ತಾಯಿ ಮಕ್ಕಳನ್ನು ಅವಚಿಕೊಂಡು ಕುಳಿತಿರುತ್ತಾಳೆ. ಇನ್ನೇನು ಅಪ್ಪನ ಹತ್ತಿರ ಹೋಗುತ್ತೇವೆ ಎಂದು ಅವರಿಗೆ ಸಮಾಧಾನ ಹೇಳುತ್ತಾಳೆ. ಅಪ್ಪ ಸತ್ತಿದ್ದಾನೆ ಎಂಬುದು ನೋಡುವವರಿಗೆ ತಿಳಿಯುತ್ತದೆ. ನಾನೂ ಅಷ್ಟರಲ್ಲಿ ಇಬ್ಬರು ಮಕ್ಕಳ ತಂದೆ. ಆ ದೃಶ್ಯದಲ್ಲಿ ಚಿತ್ರ ನಿಲ್ಲಿಸಿ ಎದ್ದು ಹೋಗಿ ನೀರು ಕುಡಿದು ಬಂದೆ.

ಮೂರನೇ ಸಲ ನೋಡಿದ್ದು ಈಚೆಗೆ, ಆರನೇ ತರಗತಿಯ ಮೊಮ್ಮಗಳ ಜೊತೆ. ಅವಳು ರಾಕ್ಷಸನನ್ನು ನೋಡುತ್ತಿದ್ದಳು, ನಾನು ಯಮಾನೆ ಎಂಬ ಮುದಿ ವಿಜ್ಞಾನಿಯನ್ನು. ಎಲ್ಲರೂ ‘ಕೊಲ್ಲಿ, ಕೊಲ್ಲಿ’ ಎನ್ನುವಾಗ ಆತ ಒಬ್ಬನೇ, ಇಷ್ಟು ವಿಕಿರಣ ಕುಡಿದೂ ಬದುಕಿರುವ ಜೀವವನ್ನು ಕೊಲ್ಲುವ ಮೊದಲು ಅರಿಯಬೇಡವೇ ಎನ್ನುತ್ತಾನೆ. ಯಾರೂ ಕೇಳುವುದಿಲ್ಲ. ಮನೆಗೆ ಬಂದು ದೀಪ ಆರಿಸಿ ಕತ್ತಲಲ್ಲಿ ಕೂರುತ್ತಾನೆ. ಮನೆಯಲ್ಲಿ ಮಾತು ನಡೆಯದ ವಯಸ್ಸಿಗೆ ಬಂದವರಿಗೆ ಆ ಕತ್ತಲು ಗುರುತು ಸಿಗುತ್ತದೆ. ಸಿನಿಮಾ ಮುಗಿಯುತ್ತಾ ಬಂದಾಗ ಮೊಮ್ಮಗಳು ಕೇಳಿದಳು: “ತಾತ, ಬಾಂಬ್ ಬಿದ್ದಾಗ ಅವನಿಗೂ ನೋವಾಗಿತ್ತಾ?”

ಅಜ್ಜಿ, ನಿಮ್ಮ ಪತ್ರಕ್ಕೆ ಉತ್ತರದ ಮೊದಲ ಭಾಗ ಈ ಪ್ರಶ್ನೆಯಲ್ಲಿದೆ. ಆ ಪ್ರಶ್ನೆಯನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ದೊಡ್ಡವರಿಗೆ ಕಾಣುವುದು ಮುರಿದ ಸೇತುವೆ, ಬಿದ್ದ ಗೋಪುರ. ಮಗುವಿಗೆ ಕಾಣುವುದು ತನ್ನಷ್ಟಕ್ಕೆ ಮಲಗಿದ್ದವನನ್ನು ಯಾರೋ ಸುಟ್ಟು ಎಬ್ಬಿಸಿದರು ಎಂಬುದು. ಆ ಚಿತ್ರದ ನಾಯಕನಟ ಅಕಿರಾ ತಕರಾದಾ ಅವರೂ ಮೊದಲ ಪ್ರದರ್ಶನ ನೋಡಿ ಗಾಡ್ಜಿಲ್ಲಾನಿಗಾಗಿ ಅತ್ತಿದ್ದಾಗಿ ಹೇಳಿಕೊಂಡಿದ್ದರು. ಆಗ ಅವರಿಗೆ ಇಪ್ಪತ್ತು ವರ್ಷ.

ಎರಡನೇ ಭಾಗ ಭಯದ್ದು. ಯಕ್ಷಗಾನ ನೋಡಲು ಹೋದ ಮಗು ಬಣ್ಣದ ವೇಷ ಅಬ್ಬರಿಸಿ ಬಂದಾಗ ಅಜ್ಜನ ಹೆಗಲಿಗೆ ಮುಖ ಒತ್ತಿಕೊಳ್ಳುತ್ತದೆ. ಮರುದಿನ ಅಂಗಳದಲ್ಲಿ ಟವೆಲ್ ಕಟ್ಟಿಕೊಂಡು ಅದನ್ನೇ ಕುಣಿಯುತ್ತದೆ, ರಾಮನ ಪಾತ್ರವನ್ನಲ್ಲ! ಹೆದರಿಕೆಯನ್ನು ಮೈ ಮೇಲೆ ಹಾಕಿಕೊಂಡು ಕುಣಿದರೆ ಅದು ನಮ್ಮ ಅಳತೆಗೆ ಇಳಿಯುತ್ತದೆ. ನಿಮ್ಮ ಮೊಮ್ಮಗ ಊಟಕ್ಕೆ ‘ಗ್ರಾ’ ಎಂದು ಬರುವುದೂ ಅದೇ.

ಇದನ್ನು ಹೊಂಡಾ ಬಲ್ಲವರಾಗಿದ್ದರು. 1969ರಲ್ಲಿ ಅವರು ಮಕ್ಕಳಿಗೆಂದೇ ಒಂದು ಚಿತ್ರ ಮಾಡಿದರು. ಅದರಲ್ಲಿ ಇಚಿರೊ ಎಂಬ ಹುಡುಗ. ಅಪ್ಪ ಅಮ್ಮ ಇಬ್ಬರಿಗೂ ಕೆಲಸ. ಶಾಲೆಯಿಂದ ಬಂದು ತಾನೇ ಬೀಗ ತೆಗೆದು ಒಬ್ಬನೇ ಇರುವವನು. ದಾರಿಯಲ್ಲಿ ಒಬ್ಬ ಪುಂಡ ಹುಡುಗನ ಕಾಟ. ಇಚಿರೊ ಕನಸಿನಲ್ಲಿ ರಾಕ್ಷಸರ ದ್ವೀಪಕ್ಕೆ ಹೋಗುತ್ತಾನೆ. ಅಲ್ಲಿ ಗಾಡ್ಜಿಲ್ಲಾನ ಮಗ ಮಿನಿಲ್ಲಾ ಸಿಗುತ್ತಾನೆ. ಅವನಿಗೂ ಒಬ್ಬ ಪುಂಡ ರಾಕ್ಷಸನ ಕಾಟ! ಮಿನಿಲ್ಲಾ ಎದುರು ನಿಲ್ಲಲು ಕಲಿಯುವುದನ್ನು ನೋಡಿ ಇಚಿರೊ ತಾನೂ ಕಲಿಯುತ್ತಾನೆ. ಬೀಗದ ಕೈ ಜೇಬಿನಲ್ಲಿಟ್ಟುಕೊಂಡು ಶಾಲೆಗೆ ಹೋಗುವ ಮಕ್ಕಳು ಈಗ ನಮ್ಮ ಬೀದಿಗಳಲ್ಲೂ ಇದ್ದಾರೆ. ಅವರಿಗೆ ಈ ಕಥೆಯನ್ನು ಅನುವಾದ ಮಾಡಿ ಹೇಳಬೇಕಾಗಿಲ್ಲ.

ಗಾಡ್ಜಿಲ್ಲಾ ಕೆಟ್ಟವನಾಗಿಯೇ ಉಳಿಯಲಿಲ್ಲ ಎಂಬುದೂ ಮುಖ್ಯ. 1964ರಲ್ಲಿ ‘ಘಿಡೊರಾ’ ಎಂಬ ಮೂರು ತಲೆಯ ಚಿನ್ನದ ಬಣ್ಣದ ಡ್ರ್ಯಾಗನ್ ಆಕಾಶದಿಂದ ಬಂತು. ಭೂಮಿ ಉಳಿಯಬೇಕಾದರೆ ಗಾಡ್ಜಿಲ್ಲಾ, ಹಾರುವ ರೊಡಾನ್, ರೇಷ್ಮೆ ಹುಳುವಿನಂಥ ಮೋಥ್ರಾ ಮೂವರೂ ಒಂದಾಗಬೇಕು. ಗಾಡ್ಜಿಲ್ಲಾ ಒಪ್ಪುವುದಿಲ್ಲ. ಈ ಮನುಷ್ಯರು ಯಾವತ್ತೂ ನಮಗೆ ಕಾಟವನ್ನೇ ಕೊಟ್ಟವರು, ಅವರಿಗೇಕೆ ಸಹಾಯ ಎಂಬುದು ಅವನ ವಾದ. ಗೇಣುದ್ದದ ಇಬ್ಬರು ಅವಳಿ ಹುಡುಗಿಯರು ಈ ರಾಕ್ಷಸರ ಜಗಳವನ್ನು ಮನುಷ್ಯರಿಗೆ ಅರ್ಥ ಮಾಡಿ ಹೇಳುತ್ತಾರೆ. ಕೊನೆಗೆ ಮೋಥ್ರಾ ಎಂಬ ಆ ಹುಳು ಒಂಟಿಯಾಗಿಯೇ ಹೋರಾಟಕ್ಕೆ ಹೊರಡುತ್ತದೆ. ಅದು ಪೆಟ್ಟು ತಿನ್ನುವುದನ್ನು ನೋಡಲಾಗದೆ ಉಳಿದ ಇಬ್ಬರೂ ಇಳಿಯುತ್ತಾರೆ. 1971ರಲ್ಲಿ ಕಾರ್ಖಾನೆಗಳ ಹೊಗೆ, ಕೊಳಕು ನೀರು ತಿಂದು ಬೆಳೆದ ‘ಹೆಡೊರಾ’ ಎಂಬ ಕೆಸರು ರಾಕ್ಷಸ ಬಂದಾಗಲೂ ಎದುರು ನಿಂತವನು ಗಾಡ್ಜಿಲ್ಲಾ. ಬೆಂಗಳೂರಿನ ಬೆಳ್ಳಂದೂರು ಕೆರೆ ನೊರೆ ಉಕ್ಕಿಸಿ ರಸ್ತೆಗೆ ಹರಿಸಿದ್ದನ್ನು, ಕೆರೆಯ ಮೇಲೇ ಬೆಂಕಿ ಕಾಣಿಸಿಕೊಂಡದ್ದನ್ನು ನೋಡಿದವರಿಗೆ ಹೆಡೊರಾ ಕಟ್ಟುಕಥೆ ಅನ್ನಿಸುವುದಿಲ್ಲ.

ನಮ್ಮ ದೇಶಕ್ಕೂ ಈ ಗಾಳಿ ಬೀಸಿತ್ತು. 1966ರಲ್ಲಿ ‘ಗೋಗೋಲಾ’ ಎಂಬ ಹಿಂದಿ ಚಿತ್ರ ಬಂದಿತ್ತು. ಹೆಸರು ಕೇಳಿದರೇ ಅದು ಯಾರ ನೆಂಟ ಎಂದು ತಿಳಿಯುತ್ತದಲ್ಲ!

ಮೂರನೇ ಭಾಗ, ಅಜ್ಜಿ ಕೇಳಿದ ಪ್ರಶ್ನೆಯೇ: ಇಂಥ ಮಗು ಮುಂದೆ ಏನಾದೀತು? ಕೆಲವರು ಏನಾದರು ಎಂದು ಹೇಳುತ್ತೇನೆ.

ಕೆನೆತ್ ಕಾರ್ಪೆಂಟರ್ ಎಂಬ ಹುಡುಗ ಹುಟ್ಟಿದ್ದು ಟೋಕಿಯೊದಲ್ಲಿ. ಗಾಡ್ಜಿಲ್ಲಾ ಹುಚ್ಚು ಹಿಡಿಸಿಕೊಂಡವನು ಅಮೆರಿಕದಲ್ಲಿ ಡೈನೋಸಾರ್ ವಿಜ್ಞಾನಿಯಾದ. ನ್ಯೂ ಮೆಕ್ಸಿಕೊದಲ್ಲಿ ಸಿಕ್ಕಿದ, 20 ಕೋಟಿ ವರ್ಷಕ್ಕೂ ಹಿಂದಿನ ಒಂದು ಪ್ರಾಣಿಯ ಮೂಳೆಗಳಿಗೆ 1997ರಲ್ಲಿ ಅವರು ಇಟ್ಟ ಹೆಸರು ‘ಗೊಜಿರಾಸಾರಸ್’. 2022ರಲ್ಲಿ ಜಪಾನಿನ ಸಾದೊ ದ್ವೀಪದ ಬಳಿ ಸಿಕ್ಕಿದ, ಮರದಂತೆ ಕವಲೊಡೆಯುವ ಒಂದು ಕಡಲ ಹುಳುವಿಗೆ ವಿಜ್ಞಾನಿಗಳು ಘಿಡೊರಾನ ಹೆಸರಿಟ್ಟರು. ಮೂರು ತಲೆಯ ಘಿಡೊರಾನಿಗೆ ತಿರುಗುಮುರುಗಾಗಿ ಈ ಹುಳುವಿಗೆ ತಲೆ ಒಂದೇ, ಬಾಲ ಹತ್ತಾರು! ಆಕಾಶದಲ್ಲಿಯೂ ಗೊಜಿರಾ ಹೆಸರಿನ ಒಂದು ಕ್ಷುದ್ರಗ್ರಹ ಸುತ್ತುತ್ತಿದೆ.

ಹಿದೆಯಾಕಿ ಅನ್ನೊ ಎಂಬ ವಿದ್ಯಾರ್ಥಿ, ಸುಬುರಾಯಾ ಅವರ ಸಂಸ್ಥೆ ಟಿವಿಗಾಗಿ ಮಾಡಿದ ‘ಅಲ್ಟ್ರಾಮ್ಯಾನ್’ನ ಕಟ್ಟಾ ಅಭಿಮಾನಿ. ಕಾಲೇಜಿನಲ್ಲಿದ್ದಾಗ ಗೆಳೆಯರನ್ನು ಕಟ್ಟಿಕೊಂಡು ತಾನೇ ಅಲ್ಟ್ರಾಮ್ಯಾನ್ ಆಗಿ ಒಂದು ಚಿತ್ರ ತೆಗೆದಿದ್ದ. ಅವರೇ 2016ರಲ್ಲಿ ‘ಶಿನ್ ಗೊಜಿರಾ’ ಚಿತ್ರ ಮಾಡಿದರು.

2023ರಲ್ಲಿ ತಕಾಶಿ ಯಮಾಜಾಕಿ ಅವರ ‘ಗಾಡ್ಜಿಲ್ಲಾ ಮೈನಸ್ ಒನ್’ ಬಂತು. ಸಾಯಲೆಂದೇ ಕಳುಹಿಸಿದ್ದ ಯುದ್ಧ ವಿಮಾನದ ಪೈಲಟ್ ಒಬ್ಬ ಬದುಕಿ ಮನೆಗೆ ಮರಳಿ, ಬದುಕಿದ್ದಕ್ಕೇ ನಾಚುತ್ತಾ ಬದುಕುವ ಕಥೆ ಅದು. ರಾಕ್ಷಸನ ಎದುರು ಕೊನೆಗೆ ನಿಲ್ಲುವವರು ಸರಕಾರದ ಸೈನಿಕರಲ್ಲ, ಹಳೆಯ ದೋಣಿಗಳನ್ನು ಹೊರಡಿಸಿಕೊಂಡು ಬಂದ ಸಾಮಾನ್ಯ ಜನ. ಈ ಸಲ ಯಾರೂ ಸಾಯಬಾರದು ಎಂಬುದೇ ಅವರ ಯೋಜನೆ. ಅದರ ಚಮತ್ಕಾರದ ದೃಶ್ಯಗಳನ್ನು ಮಾಡಿದ್ದು 35 ಜನರ ಪುಟ್ಟ ತಂಡ. ಹಾಲಿವುಡ್ಡಿನ ಭಾರೀ ಚಿತ್ರಗಳನ್ನು ಹಿಂದೆ ಹಾಕಿ 2024ರ ಮಾರ್ಚ್‌ನಲ್ಲಿ ಅವರಿಗೆ ಆಸ್ಕರ್ ಬಂತು. ಎಪ್ಪತ್ತು ವರ್ಷದಲ್ಲಿ ಗಾಡ್ಜಿಲ್ಲಾ ಚಿತ್ರಕ್ಕೆ ಬಂದ ಮೊದಲ ಆಸ್ಕರ್. ಆ ಸಮಾರಂಭಕ್ಕೆ ಯಮಾಜಾಕಿ ಮತ್ತು ಗೆಳೆಯರು ಹೋದದ್ದು ಕೈಯಲ್ಲಿ ಗಾಡ್ಜಿಲ್ಲಾ ಗೊಂಬೆ ಹಿಡಿದು, ಕಾಲಿಗೆ ಗಾಡ್ಜಿಲ್ಲಾ ಉಗುರಿನ ಹಿಮ್ಮಡಿಯ ಷೂ ತೊಟ್ಟು. ಟಿವಿಯಲ್ಲಿ ಅದನ್ನು ನೋಡಿ ನಮ್ಮ ಮನೆಯಲ್ಲಿ ಮೊಮ್ಮಗಳು ಒಂದು ಕೂಗು ಹಾಕಿದಳು. ನಾನೂ ಹಾಕಿದೆ.

ಎಲ್ಲ ಅಭಿಮಾನಿಗಳೂ ಆಸ್ಕರ್ ತರುವುದಿಲ್ಲ. ಬಹಳ ಜನ ನನ್ನ ಹಾಗೆ ಒಂದು ಡಬ್ಬಿ ಕಾಪಾಡಿಕೊಂಡು ಇರುತ್ತಾರೆ. ಅಮೆರಿಕದ ಶಿಕಾಗೊ ಬಳಿ ಇಂಥವರು 1990ರ ದಶಕದಿಂದ ಬೇಸಿಗೆಯಲ್ಲಿ ಕೂಟ ಸೇರುತ್ತಾರೆ. ಅಲ್ಲಿಗೆ ಬರುವ ಮಕ್ಕಳು ಹೆಚ್ಚಾಗಿ ಅಪ್ಪ ಅಮ್ಮನ ಕೈ ಹಿಡಿದು ಬರುತ್ತಾರೆ. ಟೋಕಿಯೊದ ಶಿಂಜುಕುವಿನಲ್ಲಿ 2015ರಿಂದ ಒಂದು ಕಟ್ಟಡದ ಮೇಲಿನಿಂದ ಗಾಡ್ಜಿಲ್ಲಾನ ತಲೆ ಇಣುಕುತ್ತದೆ. ಆ ಪ್ರದೇಶದ ಆಡಳಿತ ಅವನಿಗೆ ವಿಶೇಷ ನಿವಾಸಿಯ ಪಟ್ಟವನ್ನೂ ಕೊಟ್ಟಿದೆ. ಹಿಂದೆ ತುಳಿದು ಹಾಕಿದ ಊರಿನವರೇ ಅವನನ್ನು ಊರಿನವನನ್ನಾಗಿ ಮಾಡಿಕೊಂಡರು! ಅದೇ ಟೋಕಿಯೊದ ಇನ್ನೊಂದು ಕಡೆ, ಯುಮೆನೊಶಿಮಾದಲ್ಲಿ, ‘ಅದೃಷ್ಟದ ಡ್ರ್ಯಾಗನ್’ ದೋಣಿಯನ್ನೂ ಜೋಪಾನ ಮಾಡಿ ಇಟ್ಟಿದ್ದಾರೆ. ಮಕ್ಕಳು ಹೋಗಿ ನೋಡುತ್ತಾರೆ.

ಆದ್ದರಿಂದ ಅಜ್ಜಿ, ಬಿಡಿಸಬೇಡಿ. ಪಕ್ಕದಲ್ಲಿ ಕುಳಿತುಕೊಳ್ಳಿ. ಚಿಕ್ಕವರಿಗೆ 1964ರ ಮೂರು ತಲೆಯ ಘಿಡೊರಾ, ಇಚಿರೊನ ಕಥೆ ಚೆನ್ನಾಗಿವೆ. 1954ರ ಮೊದಲ ಚಿತ್ರ ಕಪ್ಪು ಬಿಳುಪಿನದು, ದುಃಖದ್ದು. ಹತ್ತು ಹನ್ನೆರಡು ವರ್ಷ ತುಂಬಲಿ, ಆಮೇಲೆ ಜೊತೆಯಲ್ಲೇ ನೋಡಿ. ‘ಮೈನಸ್ ಒನ್’ ಅದಕ್ಕೂ ನಂತರ. ವಾರಕ್ಕೊಂದು ಸಿನಿಮಾ ಸಾಕು, ಹೋಮ್‌ವರ್ಕ್ ಮುಗಿದ ಮೇಲೆ. ನೋಡಿ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿ: “ಇವನನ್ನು ಎಬ್ಬಿಸಿದವರು ಯಾರು?” ಉತ್ತರ ಹುಡುಕುತ್ತಾ ಹುಡುಗ ತಾನಾಗಿ ಭೂಪಟ ತೆರೆಯುತ್ತಾನೆ, ಹಿರೋಶಿಮಾ ಎಲ್ಲಿದೆ ಎಂದು ಕೇಳುತ್ತಾನೆ. ಆಗ ನೀವು ಓದಿದ್ದು, ಕೇಳಿದ್ದು, ಹಳೆಯ ರೇಡಿಯೊ ಸುದ್ದಿ, ಎಲ್ಲ ಹೇಳಲು ನಿಮಗೆ ಸಮಯ ಬರುತ್ತದೆ.

ಮಕ್ಕಳೇ, ನಿಮಗೊಂದು ಕೆಲಸ. ನಿಮ್ಮ ಊರಿನ ಕೆರೆ, ಹೊಳೆ, ಗುಡ್ಡ, ಕಾಡು ಯಾವುದಾದರೂ ಒಂದನ್ನು ಆರಿಸಿಕೊಳ್ಳಿ. ಅಲ್ಲಿ ಒಬ್ಬ ರಾಕ್ಷಸ ಮಲಗಿದ್ದಾನೆ ಎಂದುಕೊಳ್ಳಿ. ಅವನು ಯಾತಕ್ಕೆ ಏಳುತ್ತಾನೆ? ಎದ್ದರೆ ನೋಡಲು ಹೇಗಿರುತ್ತಾನೆ? ಅವನನ್ನು ಮತ್ತೆ ಮಲಗಿಸಲು ಊರಿನವರು ಏನು ಮಾಡಬೇಕು? ಚಿತ್ರ ಬಿಡಿಸಿ, ಹಿಂಬದಿಯಲ್ಲಿ ಐದು ಸಾಲು ಬರೆದು ಕಳುಹಿಸಿ. ಹೆಸರು, ತರಗತಿ, ಊರು ಬರೆಯಲು ಮರೆಯಬೇಡಿ. ರಾಕ್ಷಸನಿಗೂ ಒಂದು ಹೆಸರಿಡಿ.